ಬಾಯಿ ಮುಚ್ಚಿದ ಶನಿವಾರಗಳು

ಮಾರ್ಚ್ 4, ಮಂಗಳವಾರ

ಗಂಟಲಿನ ಆಪರೇಷನ್ ನಿನ್ನೆ ಮುಗಿಯಿತು. ಧ್ವನಿತಂತುವಿನ ಮೇಲೆ ಬೆಳೆದಿದ್ದ ಗಂಟು ಸಾಸಿವೆ ಕಾಳಿನಷ್ಟಿತ್ತಂತೆ. ಅಷ್ಟು ಸಣ್ಣದನ್ನು ತೆಗೆಯಲು ಇಷ್ಟು ದೊಡ್ಡ ದೇಹವನ್ನು ಮಲಗಿಸಬೇಕಾಯಿತು. ಅಪಾಯದ್ದಲ್ಲ ಎಂದರು, ಅಲ್ಲಿಗೆ ಪ್ರಾಣ ಉಳಿಯಿತು. ಆದರೆ ನಾಲ್ಕು ವಾರ ಬಾಯಿ ತೆರೆಯುವಂತಿಲ್ಲ. "ಪಿಸುಮಾತೂ ಬೇಡ ಸರ್, ಅದು ಕೂಗೋದಕ್ಕಿಂತ ಕೆಟ್ಟದ್ದು" ಎಂದು ಡಾಕ್ಟರಮ್ಮ ನನ್ನ ಮೂಗಿನ ಮುಂದೆ ಬೆರಳಾಡಿಸಿ ಹೇಳಿದರು. ದನಿ ಮೊದಲಿನ ಹಾಗೇ ಬರುತ್ತದೆಯೇ ಎಂದು ಚೀಟಿಯಲ್ಲಿ ಬರೆದು ಕೇಳಿದೆ. "ನೋಡೋಣ" ಎಂದರು. ನಾಟಕದವನಿಗೆ ಆ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಾತ್ರ ಕೊಡದವರೆಲ್ಲ ನನಗೆ ಅದನ್ನೇ ಹೇಳಿದ್ದಾರೆ.

ನನ್ನ ದನಿಯೊಂದೇ ನನ್ನ ಆಸ್ತಿ. ಮೈಕಿಲ್ಲದ ಕಾಲದಲ್ಲಿ ಕೊನೆಯ ಬೆಂಚಿನವನಿಗೂ ಅಕ್ಷರ ಅಕ್ಷರ ಮುಟ್ಟಿಸಿದ ದನಿ ಅದು. ಎತ್ತರದ್ದು, ಚೂಪಾದದ್ದು. ರಾಜನ ಪಾತ್ರದಲ್ಲಿ ಒಮ್ಮೆ ಮೇಲಿನ ಸ್ಥಾಯಿಗೆ ಹೋದೆನೆಂದರೆ ಸಭೆಯಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ನುಂಗಿಕೊಳ್ಳುತ್ತಿದ್ದರು. ಆಮೇಲೆ ಟೆಲಿವಿಷನ್ ಧಾರಾವಾಹಿಯ ಮುದಿ ರಾಜನಿಗೆ ಅದೇ ದನಿ ಕೊಟ್ಟೆ. ಮುಖ ಬೇರೆ ಒಬ್ಬನದು. ಚೆಲುವನೇ, ಬಾಯಿ ತೆರೆದರೆ ಮಾತ್ರ ಕೋಳಿಯ ಕತ್ತು ಹಿಸುಕಿದ ಹಾಗಿತ್ತು. ಭಾನುವಾರ ಬೆಳಿಗ್ಗೆ ಬೀದಿ ಖಾಲಿಯಾಗುತ್ತಿತ್ತು, ಎಲ್ಲ ಕಿಟಕಿಗಳಿಂದಲೂ ನನ್ನ ದನಿ ಬರುತ್ತಿತ್ತು, ನಾನು ಬ್ರೆಡ್ಡು ತರಲು ಅದರ ನಡುವೆಯೇ ನಡೆದು ಹೋಗುತ್ತಿದ್ದೆ. ಒಬ್ಬರೂ ಗುರುತು ಹಿಡಿಯುತ್ತಿರಲಿಲ್ಲ. ಆ ಸುಖ ಮುಖ ತೋರಿಸಿ ಹೆಸರು ಮಾಡಿದವರಿಗೆ ತಿಳಿಯದು.

ಈಗ ಆ ಧಾರಾವಾಹಿಯನ್ನು ಮತ್ತೆ ಹಾಕುತ್ತಾರಂತೆ. ಕೆಲವು ಕಂತುಗಳ ಟೇಪಿನಲ್ಲಿ ಚಿತ್ರ ಉಳಿದಿದೆ, ಮಾತು ಅಳಿಸಿಹೋಗಿದೆ. ಏಪ್ರಿಲ್‌ನಲ್ಲಿ ಬಂದು ಮತ್ತೆ ಮಾತಾಡಿಕೊಡಿ ಎಂದು ಸ್ಟುಡಿಯೋದವರು ಕೇಳಿದ್ದಾರೆ. ಹಳೆಯ ನನ್ನ ಮಾತಿನ ನಡುವೆ ಈಗಿನ ನನ್ನ ಮಾತು ಹೊಲಿಗೆ ಕಾಣದಂತೆ ಸೇರಬೇಕು. ಅದಾಗದಿದ್ದರೆ ನಾನು ಯಾರು? ಮೂರನೇ ಮಹಡಿಯ ಒಬ್ಬ ಮುದುಕ.

ಈ ಡೈರಿ ಹೆಂಡತಿ ಕೊಟ್ಟದ್ದು. ಜೊತೆಗೆ ತಾನು ಗಣಿತ ಕಲಿಸುತ್ತಿದ್ದ ಕಾಲದ ಒಂದು ಕರಿಹಲಗೆ, ಬಳಪ. "ಬೇಕಾದ್ದು ಹಲಗೆ ಮೇಲೆ ಬರೀರಿ. ಬೈಬೇಕು ಅನ್ನಿಸಿದ್ದು ಡೈರೀಲಿ ಬರೀರಿ. ನಾನು ಓದಲ್ಲ, ಅದರಲ್ಲಿ ಹೊಸದೇನಿರುತ್ತೆ" ಎಂದಳು.

ಮಾರ್ಚ್ 5, ಬುಧವಾರ

ಮಾತು ಬೆಳ್ಳಿ, ಮೌನ ಬಂಗಾರ ಎಂದ ಮಹಾನುಭಾವನಿಗೆ ಟೀ ಕುಡಿಯುವ ಅಭ್ಯಾಸ ಇರಲಿಲ್ಲವೆಂದು ಕಾಣುತ್ತದೆ. ಚಪ್ಪಾಳೆ ತಟ್ಟಿ ಟೀ ಕೇಳಿದೆ. "ಇದೇನು ದರ್ಬಾರಾ?" ಎಂಬ ಉತ್ತರ ಬಂತು. ಟೀ ಬರಲಿಲ್ಲ.

ಮಾರ್ಚ್ 8, ಶನಿವಾರ

ಕೂಟವನ್ನು ನಾಲ್ಕು ವಾರ ನಿಲ್ಲಿಸಿ ಎಂದು ಹಲಗೆಯ ಮೇಲೆ ಬರೆದಿದ್ದೆ. ಹೆಂಡತಿ ಅಳಿಸಿಹಾಕಿ ಎಲ್ಲರ ಮನೆಗೂ ಫೋನ್ ಮಾಡಿ ಬರಹೇಳಿದಳು.

ನಾಟಕಶಾಲೆ ಮುಚ್ಚಿದಂದಿನಿಂದ ಶನಿವಾರ ಸಂಜೆ ನಮ್ಮ ಹಾಲಿನಲ್ಲಿ ಹರಟೆ. ಬರುವವರು ಮೂವರೇ, ಎಲ್ಲರಿಗೂ ಒಂದೊಂದು ಅಡ್ಡಹೆಸರು. ಒಬ್ಬ ರೀಲು, ನನ್ನ ಶಾಲೆಯ ಗೆಳೆಯ, ನಾಟಕಶಾಲೆಯ ಎದುರಿಗಿದ್ದ ಚಿತ್ರಮಂದಿರದಲ್ಲಿ ಜೀವಮಾನವಿಡೀ ಪ್ರೊಜೆಕ್ಟರ್ ಓಡಿಸಿದವನು. ಇನ್ನೊಬ್ಬಳು ಬಣ್ಣದಕ್ಕ, ಮೇಕಪ್ಪಿನವಳು, ನನಗೆ ಗಡ್ಡ ಅಂಟಿಸಿ ಕಿತ್ತು ಅಂಟಿಸಿ ಕಿತ್ತು ಗಲ್ಲದ ಚರ್ಮವನ್ನೇ ಸುಲಿದವಳು. ಮೂರನೆಯವನು ಸಂಭಾಷಣೆ, ಆ ಧಾರಾವಾಹಿಗೆ ಮಾತು ಬರೆದವನು, ಬೇರೆ ಊರಿನಿಂದ ಇಲ್ಲಿಗೆ ಬಂದು ನೆಲೆಸಿದವನು. ನನ್ನನ್ನು ಮಹಾರಾಜ ಎನ್ನುತ್ತಾರೆ, ಗೌರವದಿಂದಲ್ಲ.

ಕೂಟಕ್ಕೊಂದು ಪದ್ಧತಿಯಿದೆ. ಪ್ರತಿ ವಾರ ಒಬ್ಬರು ಒಂದು ಹಳೆಯ ಸಿನಿಮಾವನ್ನೋ ನಾಟಕವನ್ನೋ ಮೊದಲಿನಿಂದ ಕೊನೆಯವರೆಗೆ ಬಾಯಿಮಾತಿನಲ್ಲೇ ಆಡಿ ತೋರಿಸಬೇಕು. ಉಳಿದವರು ತಪ್ಪು ಹಿಡಿಯಬೇಕು. ಫೋನ್ ತೆಗೆದು ಹುಡುಕುವಂತಿಲ್ಲ, ತೆಗೆದವರಿಗೆ ಟೀ ಇಲ್ಲ. ನಾಲ್ವರ ನೆನಪು ಎಲ್ಲಿ ಒಪ್ಪುತ್ತದೋ ಅದೇ ನಿಜ. ಒಪ್ಪದಿದ್ದರೆ ನಾನು ಹೇಳಿದ್ದು ನಿಜ. ಇದು ಬರೆದಿಟ್ಟ ನಿಯಮವಲ್ಲ, ಆದರೆ ಜೋರಾದ ದನಿ ಇರುವವನೊಬ್ಬ ತೀರ್ಪು ಕೊಡಬೇಕಲ್ಲ.

ಇವತ್ತು ರೀಲಿನ ಸರದಿ. ದೀಪದ ಗೋಪುರದ ಚಿತ್ರ ಹೇಳಿದ. ಕಡಲಂಚಿನ ಗೋಪುರದಲ್ಲಿ ದೀಪ ಕಾಯುವವನ ಮಗಳು, ಹಡಗು ಹತ್ತಿ ಹೋದ ನಾವಿಕ, ಬಿರುಗಾಳಿ, ಅಪ್ಪನಿಗೆ ಜ್ವರ. ಅವಳೊಬ್ಬಳೇ ಸುತ್ತು ಮೆಟ್ಟಿಲು ಹತ್ತಿ ದೀಪ ಹಚ್ಚುತ್ತಾಳೆ. ಬೆಳಕು ಕಡಲಿನ ಮೇಲೆ ಒಂದು ಸುತ್ತು ತಿರುಗುತ್ತದೆ. ಎಲ್ಲೂ ಹಡಗಿಲ್ಲ. ಅಲ್ಲಿಗೆ ಮುಗಿಯಿತು. ರೀಲು ಅಂಗೈ ಎತ್ತಿ ಆ ಬೆಳಕನ್ನು ಹಾಲಿನ ಗೋಡೆಯ ಮೇಲೆ ನಿಧಾನವಾಗಿ ತಿರುಗಿಸಿದ. ಬಣ್ಣದಕ್ಕನ ಕಣ್ಣು ಒದ್ದೆಯಾಗಿತ್ತು. ನನ್ನವೂ.

ಆದರೂ ಒಂದು ತಪ್ಪಿತ್ತು. ಅವಳು ದೀಪ ಹಚ್ಚಿದ್ದು ಬೆಂಕಿಕಡ್ಡಿಯಿಂದಲ್ಲ, ಕೈಯಲ್ಲಿದ್ದ ಲಾಟೀನಿನಿಂದ. "ಅವಳ ಕೈಯಲ್ಲಿ ಲಾಟೀನು" ಎಂದು ಬರೆದು ಹಲಗೆ ಎತ್ತಿ ಹಿಡಿಯುವಷ್ಟರಲ್ಲಿ ಮಾತು ಬೇರೆ ಸಿನಿಮಾದ ಕಳ್ಳನೊಬ್ಬನ ಕಡೆ ಹೋಗಿಬಿಟ್ಟಿತ್ತು. ಬಣ್ಣದಕ್ಕ ಓದಿ, "ಯಾರ ಕೈಯಲ್ಲಿ?" ಎಂದಳು. ಮತ್ತೆ ಬರೆಯುವಷ್ಟರಲ್ಲಿ ಕಳ್ಳ ಸಿಕ್ಕಿಬಿದ್ದಿದ್ದ. ಹಲಗೆ ಮಡಿಲಲ್ಲಿಟ್ಟುಕೊಂಡು ಕೂತೆ.

ರೀಲು ಸಂಜೆಯೆಲ್ಲಾ ನನ್ನ ಮುಖವನ್ನೇ ನೋಡುತ್ತಿದ್ದ. ಕನಿಕರವಿರಬೇಕು. ಬೇಗ ಎದ್ದೂ ಹೋದ. ನನಗೆ ಯಾರ ಕನಿಕರವೂ ಬೇಕಾಗಿಲ್ಲ.

ಮಾರ್ಚ್ 10, ಸೋಮವಾರ

ಸ್ಟುಡಿಯೋದಿಂದ ಫೋನ್. ಹೆಂಡತಿ ತೆಗೆದಳು. "ಏಪ್ರಿಲ್ ಮೊದಲ ವಾರ ಬರ್ತಾರೆ, ಚೆನ್ನಾಗಿದ್ದಾರೆ" ಎಂದಳು. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆ, ಫೋನಿಗೆ ಕಾಣಿಸುತ್ತದೆಯೇನೋ ಎಂಬಂತೆ.

ಮಾರ್ಚ್ 15, ಶನಿವಾರ

ಇವತ್ತು ಹೊಟ್ಟೆ ಹಿಡಿದುಕೊಂಡು ನಕ್ಕೆ, ಸದ್ದಿಲ್ಲದೆ. ನಗುವುದಕ್ಕೂ ದನಿ ಬಳಸಬಾರದೆಂದರೆ ಪಕ್ಕೆಲುಬಿಗೆ ಎಷ್ಟು ಕಷ್ಟ ಎಂದು ಡಾಕ್ಟರಮ್ಮನಿಗೆ ಗೊತ್ತಿಲ್ಲ.

ಸಂಭಾಷಣೆ ಬಂದವನೇ, "ಹೋದ ವಾರ ಹೇಳೋದು ಬೇಡ ಅಂತ ಸುಮ್ಮನಿದ್ದೆ. ಆ ದೀಪದ ಗೋಪುರದ ಸಿನಿಮಾ ಹಾಗೆ ಮುಗಿಯಲ್ಲ. ಹಡಗು ಬರುತ್ತೆ. ಮದುವೆ ಆಗುತ್ತೆ" ಎಂದ.

"ನಿನಗೆ ಭ್ರಮೆ" ಎಂದಳು ಬಣ್ಣದಕ್ಕ. "ನಾಲ್ಕು ಸಲ ನೋಡಿದೀನಿ. ಹಡಗೂ ಇಲ್ಲ, ಗಿಡಗೂ ಇಲ್ಲ."

ನಾನೂ ಇಲ್ಲ ಎಂದು ತಲೆಯಾಡಿಸಿದೆ. ನಾವಿಬ್ಬರೂ ನಾಟಕ ಮುಗಿಸಿ, ಬಣ್ಣ ಒರೆಸಿಕೊಂಡು, ಎದುರಿನ ಚಿತ್ರಮಂದಿರದ ಎರಡನೇ ಆಟಕ್ಕೆ ಓಡಿ ನೋಡಿದ ಚಿತ್ರ ಅದು. ಹಡಗು ಬಂದಿದ್ದರೆ ಕಾಣಿಸದೆ ಇರುತ್ತದೆಯೇ?

ಸಂಭಾಷಣೆ ರೀಲಿನ ಕಡೆ ತಿರುಗಿ, "ನೀನು ಹೇಳಪ್ಪ, ಕೊನೇಲಿ ಏನಿದೆ?" ಎಂದ. ರೀಲು, "ಅವಳದು ಬಿಳೀ ಅಂಗಿ" ಎಂದ. ಎಲ್ಲರೂ ನಕ್ಕರು. ಸಂಭಾಷಣೆ ಅವನ ಭುಜ ಮುಟ್ಟಿ ಮುಖಕ್ಕೆ ಮುಖ ಕೊಟ್ಟು ಮತ್ತೆ ಕೇಳಿದ. ಆಗ ರೀಲಿನ ಕಿವಿಯವರೆಗೂ ಕೆಂಪೇರಿತು.

"ಹಡಗು ಇದೆ" ಎಂದ. "ಕೊನೇ ರೀಲಲ್ಲಿ ಬರುತ್ತೆ. ಎರಡನೇ ಆಟಕ್ಕೆ ಆ ರೀಲು ನಾನು ಹಾಕ್ತಿರಲಿಲ್ಲ. ಪೂರ್ತಿ ಹಾಕಿದ್ರೆ ಜನಕ್ಕೆ ಕೊನೇ ಬಸ್ಸು ತಪ್ಪಿಹೋಗೋದು. ದೀಪ ಹಚ್ಚಿದ ಮೇಲೆ ಇನ್ನೇನಿದೆ ಅಂದ್ರು ಮಾಲೀಕರು. ನೋಡಿದೆ. ನನಗೂ ಅಲ್ಲೇ ಮುಗಿದ ಹಾಗೆ ಅನ್ನಿಸ್ತು."

ಬಣ್ಣದಕ್ಕ ಲೋಟ ಕೆಳಗಿಟ್ಟಳು. "ಆ ಹುಡುಗಿಗೋಸ್ಕರ ಎಷ್ಟು ವರ್ಷ ಅತ್ತಿದ್ದೀನಿ ಗೊತ್ತಾ? ಬಸ್ಸಿಗೋಸ್ಕರ ಅವಳ ಮದುವೆ ತಪ್ಪಿಸಿದ್ಯಲ್ಲೋ ಪಾಪಿ."

ಯೋಚಿಸಿದರೆ, ಈ ಊರಿನ ಒಂದು ತಲೆಮಾರೇ ಆ ಚಿತ್ರವನ್ನು ದುಃಖಾಂತವೆಂದು ನಂಬಿ ಮುದಿಯಾಯಿತು. ನಾನಂತೂ ಅದೇ ಕೊನೆಯನ್ನು ನೆನೆದುಕೊಂಡು ಎಷ್ಟೋ ನಾಟಕಗಳಲ್ಲಿ ಖಾಲಿ ಕಡಲನ್ನು ನೋಡುವವನಂತೆ ಸಭೆಯನ್ನು ನೋಡಿದ್ದೇನೆ. ಚೆನ್ನಾಗಿ ಅಭಿನಯಿಸಿದೆ ಎಂದು ಹೊಗಳಿದ್ದಾರೆ. ಬಸ್ಸಿನ ಪುಣ್ಯ.

ಎಲ್ಲರೂ ನಕ್ಕು ಸುಸ್ತಾದ ಮೇಲೆ ರೀಲೂ ನಕ್ಕ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಆಮೇಲೆ. ಇವನಿಗೆ ವಯಸ್ಸಾಯಿತು.

ಮಾರ್ಚ್ 18, ಮಂಗಳವಾರ

ಹೆಂಡತಿ ಬಟ್ಟೆ ಮಡಿಸುತ್ತಾ ಏನೋ ಗುನುಗುತ್ತಿದ್ದಳು. ಕಿವಿಗೊಟ್ಟರೆ ಧಾರಾವಾಹಿಯ ಶೀರ್ಷಿಕೆ ಸಂಗೀತ. ಪೂರ್ತಿ ಬರುತ್ತದೆ ಅವಳಿಗೆ, ನಡುವಿನ ಕೊಳಲಿನ ತುಂಡು ಕೂಡ. ನೀನು ಅದನ್ನು ನೋಡುತ್ತಲೇ ಇರಲಿಲ್ಲವಲ್ಲ ಎಂದು ಬರೆದೆ.

"ಒಂದು ವಾರಾನೂ ಬಿಟ್ಟಿಲ್ಲ. ಪಕ್ಕದ ಮನೇಲಿ ಕೂತು ನೋಡ್ತಿದ್ದೆ" ಎಂದಳು. "ನಿಮ್ಮ ಜೊತೆ ಕೂತ್ರೆ ಅಳೋಕೆ ಬಿಡ್ತಿದ್ರಾ? ಇಲ್ಲಿ ಹೇಗೆ ಉಸಿರು ತಗೊಂಡೆ ನೋಡು, ಅಲ್ಲಿ ಹೇಗೆ ಎಳೆದೆ ನೋಡು ಅಂತಿದ್ರಿ. ರಾಜ ಸಾಯೋ ದಿನ ಅತ್ತು ಮುಖ ತೊಳ್ಕೊಂಡು ಮನೆಗೆ ಬಂದೆ. ರಾಜ ಬನಿಯನ್ ಹಾಕ್ಕೊಂಡು ಕಾಲುಚೀಲ ಎಲ್ಲಿ ಅಂತ ಕೂಗಾಡ್ತಿದ್ದ."

ಮದುವೆಯಾಗಿ ಇಷ್ಟು ವರ್ಷವಾಯಿತು, ಇದು ನನಗೆ ಗೊತ್ತಿರಲಿಲ್ಲ. ಇನ್ನೂ ಹೇಳು ಎಂದು ಬರೆದೆ. ಬಟ್ಟೆ ಮಡಿಸಿ ಮುಗಿದ ಮೇಲೂ ಕೂತು ಹೇಳಿದಳು. ಊಟ ತಡವಾಯಿತು.

ಮಾರ್ಚ್ 22, ಶನಿವಾರ

ಮಾತಿನ ನಡುವೆ ಕರೆಂಟು ಹೋಯಿತು. ಹೊರಗೆ ಮೋಡ, ಹಾಲೆಲ್ಲ ಕತ್ತಲೆ. ಸಂಭಾಷಣೆ ನಿಲ್ಲಿಸಲಿಲ್ಲ. "ಸಿನಿಮಾ ಅಂದ್ರೆ ಹೀಗೇ ಅಲ್ವಾ, ಕತ್ತಲಲ್ಲೇ ಚೆನ್ನ" ಎಂದು ತನ್ನ ಊರಿನ ಬಯಲು ಟೆಂಟಿನ ಕಥೆ ಎತ್ತಿದ. ಬಣ್ಣದಕ್ಕ ಹಾಡೊಂದರ ಅರ್ಧ ಚರಣ ಹಾಡಿದಳು. ಹಾಯಾಗಿತ್ತು. ಕತ್ತಲಲ್ಲಿ ಬಳಪ, ಹಲಗೆಯ ಗೊಡವೆಯೂ ಇಲ್ಲ. ಕೇಳಿಸಿಕೊಂಡು ಕೂತರೆ ಒಬ್ಬೊಬ್ಬರ ದನಿಯೂ ಬೇರೆಯಾಗಿ ಕಂಡಿತು. ಸಂಭಾಷಣೆಯ ಮಾತಿನ ಕೊನೆಗೆ ಒಂದು ಸಣ್ಣ ನಡುಕವಿದೆ, ಯಾವಾಗಿನಿಂದಲೋ.

ಆಗ ಹೊಳೆಯಿತು, ರೀಲು ಒಂದು ಮಾತೂ ಆಡಿಲ್ಲ. ಕತ್ತಲೆಯ ಕೋಣೆಯಲ್ಲಿ ಬದುಕು ಕಳೆದವನು, ಕತ್ತಲಾದ ಕೂಡಲೇ ಬಾಯಿ ಮುಚ್ಚಿದ್ದ. ಸಂಭಾಷಣೆ ಎರಡು ಸಲ ಅವನನ್ನೇ ಕೇಳಿದ, "ಅಲ್ವೇನೋ, ಅಲ್ವೇನೋ" ಎಂದು. ಉತ್ತರವಿಲ್ಲ. ನಿದ್ದೆ ಹೋದ ಎಂದು ನಕ್ಕರು. ಹೆಂಡತಿ ಮೇಣದಬತ್ತಿ ತಂದಳು. ರೀಲು ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತಿದ್ದ, ಕಣ್ಣು ಅಗಲವಾಗಿ ತೆರೆದು, ದಾರಿ ತಪ್ಪಿದವನಂತೆ. ಬೆಳಕು ಬಂದ ಕೂಡಲೇ ಅವನ ಕಣ್ಣು ಹೋದದ್ದು ಸಂಭಾಷಣೆಯ ತುಟಿಗೆ.

ಕರೆಂಟು ಬಂದ ಮೇಲೆ ಬಾಗಿಲಿನ ಗಂಟೆ ಟಿಣ್ ಎಂದಿತು, ಪಕ್ಕದ ಮನೆಯವಳು. ಗಂಟೆಯ ಪಕ್ಕದಲ್ಲೇ ಕೂತಿದ್ದ ರೀಲು ಅಲ್ಲಾಡಲಿಲ್ಲ.

ಎಷ್ಟು ದಿನದಿಂದ ಹೀಗೆ? ಪ್ರತಿ ಶನಿವಾರ ಎದುರಿಗೆ ಕೂತಿದ್ದಾನೆ. ನಾನು ಮಾತಾಡುತ್ತಿದ್ದೆ.

ಮಾರ್ಚ್ 26, ಬುಧವಾರ

ಹೆಂಡತಿಯ ಕೈಯಲ್ಲಿ ಸಂದೇಶ ಕಳಿಸಿ ರೀಲನ್ನು ಒಬ್ಬನನ್ನೇ ಕರೆಸಿದೆ. ಅವಳು ನಮ್ಮಿಬ್ಬರನ್ನೂ ಬಾಲ್ಕನಿಯಲ್ಲಿ ಕೂರಿಸಿ, ಟೀ ಇಟ್ಟು, ಅಂಗಡಿಗೆ ಹೋದಳು. ಅಂಗಡಿಯಲ್ಲಿ ಅವಳಿಗೇನೂ ಕೆಲಸವಿರಲಿಲ್ಲ.

ಹಲಗೆಯ ಮೇಲೆ, "ಎಷ್ಟು ದಿನದಿಂದ ಕೇಳಿಸುತ್ತಿಲ್ಲ?" ಎಂದು ಬರೆದು ತೋರಿಸಿದೆ. ರೀಲು ಓದಿದ. ಅಂಗೈಯಿಂದ ಒರೆಸಿಬಿಟ್ಟ. ನಾನು ಮತ್ತೆ ಅದನ್ನೇ ಬರೆದೆ.

"ಎರಡು ವರ್ಷದ ಮೇಲಾಯ್ತು" ಎಂದ. "ಆ ಮಿಷನ್ನಿನ ಪಕ್ಕ ಅಷ್ಟು ವರ್ಷ ನಿಂತ್ರೆ ಇನ್ನೇನಾಗುತ್ತೆ? ಸದ್ದು ಬರುತ್ತೆ, ಮಾತು ಬರಲ್ಲ. ಕಿವಿಗೆ ಹಾಕೋ ಮಿಷನ್ ತಗೊಂಡೆ. ಒಬ್ಬರೇ ಮಾತಾಡಿದ್ರೆ ಪರವಾಗಿಲ್ಲ. ನೀವೆಲ್ಲ ಸೇರಿದ್ರೆ ಪಾತ್ರೆ ಅಂಗಡಿ ತಲೆ ಮೇಲೆ ಬಿದ್ದ ಹಾಗೆ. ತೆಗೆದಿಟ್ಟೆ." ಆಮೇಲೆ, "ಯಾರಿಗೂ ಹೇಳಬೇಡ" ಎಂದ.

ಯಾರಿಗೆ ಹೇಳುತ್ತಿದ್ದೇನೆ ಎಂದು ಅವನಿಗೇ ಅರಿವಾಗಿ ನಗು ಬಂತು. ನನಗೂ. ಕಿವುಡ, ಮೂಗ, ಎರಡು ಲೋಟ ಟೀ. ಇಂಥ ದೃಶ್ಯವನ್ನು ಸಂಭಾಷಣೆಗೆ ಕೊಟ್ಟರೆ ಅತಿಯಾಯ್ತು ಎಂದು ಹೊಡೆದುಹಾಕುತ್ತಾನೆ.

ಮತ್ತೆ ಇಷ್ಟು ದಿನ ಕೂಟದಲ್ಲಿ ಹೇಗೆ ನಿಭಾಯಿಸಿದೆ ಎಂದು ಬರೆದೆ.

"ನಿನ್ನಿಂದ" ಎಂದ. "ನಿನಗೊಂದು ಕೆಟ್ಟ ಅಭ್ಯಾಸ ಇದೆಯಲ್ಲ. ಯಾರು ಏನೇ ಹೇಳಲಿ, ಅದನ್ನ ಮತ್ತೆ ನೀನೇ ಹೇಳಿ ಆಮೇಲೆ ತಪ್ಪು ಅಂತೀಯ. ಹಡಗು ಬಂತು ಅಂದ್ಯಾ, ಅದು ಹೇಗೆ ಬಂತು, ಅಂತ. ಸ್ಟೇಜಿನ ಬಾಯಿ ನಿನ್ನದು, ಅಷ್ಟಗಲ ತೆರೀತೀಯ. ನಿನ್ನ ತುಟಿ ನೋಡಿ ಎಲ್ಲರ ಮಾತೂ ಹಿಡೀತಿದ್ದೆ. ಅವಳು ತುಟಿ ಅಲ್ಲಾಡಿಸದೆ ಮಾತಾಡ್ತಾಳೆ. ಅವನದು ಮೀಸೆ. ಈಗ ನೀನು ಬಾಯಿ ಮುಚ್ಚಿದ ಮೇಲೆ ನನಗೆ ಏನೂ ಗೊತ್ತಾಗ್ತಿಲ್ಲ."

ನನ್ನ ಹೆಂಡತಿ ಆ ಅಭ್ಯಾಸಕ್ಕಾಗಿ ನನ್ನನ್ನು ಎಷ್ಟು ಬೈದಿದ್ದಾಳೆ. ನಾನು ಅದನ್ನು ವಾದದ ಕಲೆ ಎಂದುಕೊಂಡಿದ್ದೆ.

"ಇನ್ನು ಬರಲ್ಲ ಕಣೋ" ಎಂದ. "ಮೊಮ್ಮಗಳ ಪಾಠ ಅಂತ ಏನೋ ಹೇಳ್ತೀನಿ. ಅವರ ಮುಂದೆ ಪೆದ್ದನ ಹಾಗೆ ಕೂರೋಕೆ ಆಗಲ್ಲ. ಇರೋದೊಂದು ಶನಿವಾರ. ಅದೂ ಹೀಗಾದ್ರೆ ಮನೇಲಿರೋದೇ ವಾಸಿ."

ಬಳಪ ಹಿಡಿದೆ. "ಶನಿವಾರ ಬಾ. ನನ್ನ ಪಕ್ಕ ಕೂತ್ಕೋ" ಎಂದಷ್ಟೇ ಬರೆದೆ. ಅವನು ಒರೆಸಲಿಲ್ಲ. ಬರುತ್ತೇನೆಂದೂ ಹೇಳಲಿಲ್ಲ.

ಮಾರ್ಚ್ 29, ಶನಿವಾರ

ಬಂದ.

ಹಲಗೆಯನ್ನು ಅವನ ಕಡೆ ತಿರುಗಿಸಿಟ್ಟುಕೊಂಡು ಬರೆಯುತ್ತಾ ಹೋದೆ. "ಅಕ್ಕ: ಆ ನಾಯಕಿಯದು ಸ್ವಂತ ಕೂದಲಲ್ಲ." "ಸಂಭಾಷಣೆ: ಮಳೆ ದೃಶ್ಯಕ್ಕೆ ಹಾಲು ಬೆರೆಸಿದ ನೀರು, ಕಾಣಲಿ ಅಂತ." ಬರೆ, ತೋರಿಸು, ಒರೆಸು. ತೋಳು ಸೋತುಹೋಯಿತು. "ಮಹಾರಾಜ ಈಗ ಗುಮಾಸ್ತ ಆಗಿಬಿಟ್ಟ" ಎಂದಳು ಬಣ್ಣದಕ್ಕ. ಬೇಕೆಂದೇ ಅದನ್ನೂ ಬರೆದು ರೀಲಿಗೆ ತೋರಿಸಿದೆ. ಅವನು ನಕ್ಕ. ಹಾಲಿನ ಮಳೆಯ ಮೇಲೆ ತಾನೇ ಒಂದು ಕಥೆ ಹೇಳಿದ: ಪರದೆಯ ಮೇಲೆ ಮಳೆ ಬಂದಾಗಲೆಲ್ಲ ಮುಂದಿನ ಸಾಲಿನವರು ಕಾಲು ಮೇಲೆತ್ತಿಕೊಳ್ಳುತ್ತಿದ್ದರಂತೆ, ಅದನ್ನು ನೋಡಲೆಂದೇ ಕಿಂಡಿಗೆ ಕಣ್ಣಿಟ್ಟು ನಿಲ್ಲುತ್ತಿದ್ದನಂತೆ. ಹೇಳುವಾಗ ಹಳೆಯ ರೀಲೇ.

ಹೊರಡುವಾಗ ಅವನು, "ನಿನಗೆ ದನಿ ಬಂದ ಮೇಲೆ ಹಲಗೆ ಮೂಲೆ ಸೇರುತ್ತೆ ಬಿಡು" ಎಂದ. ನಗುತ್ತಲೇ ಹೇಳಿದ.

ಈಗ ನೋಡಿದರೆ ಇವತ್ತು ನನ್ನದೆಂಬ ಒಂದು ಮಾತೂ ಹಲಗೆಯ ಮೇಲೆ ಬರಲಿಲ್ಲ. ಪುರುಸೊತ್ತಾಗಲಿಲ್ಲ. ಸಂಭಾಷಣೆ ಎರಡು ಕಡೆ ತಪ್ಪು ಹೇಳಿದ, ತಿದ್ದಬೇಕಿತ್ತು.

ಮಾರ್ಚ್ 31, ಸೋಮವಾರ

ಡಾಕ್ಟರಮ್ಮ ಸಣ್ಣ ಕನ್ನಡಿ ಇಳಿಬಿಟ್ಟು ನೋಡಿ, "ಗಾಯ ಮಾಗಿದೆ. ನಿಧಾನಕ್ಕೆ ಒಂದು ಮಾತು ಹೇಳಿ ಸರ್" ಎಂದರು.

ಏನು ಹೇಳಬೇಕೆಂದು ನಾಲ್ಕು ವಾರ ಯೋಚಿಸಿಟ್ಟಿದ್ದೆ. ರಾಜನ ಪಾತ್ರದ ಮೊದಲ ಮಾತು. ಉಸಿರು ತೆಗೆದುಕೊಂಡು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ ಯಾರದೋ ದನಿ. ದಪ್ಪ, ಒರಟು, ಮರದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದ ಹಾಗೆ. ಮೇಲೆ ಏರಲು ನೋಡಿದೆ. ಅಲ್ಲಿ ಏನೂ ಇಲ್ಲ, ಬರೀ ಗಾಳಿ.

"ಇನ್ನೂ ಸುಧಾರಿಸುತ್ತೆ" ಎಂದರು. ಎಷ್ಟು ಎಂದು ಕೇಳಿದೆ, ಆ ಹಾಳು ದನಿಯಲ್ಲೇ. "ಒರಟುತನ ಸ್ವಲ್ಪ ಕಡಿಮೆ ಆಗಬಹುದು. ಎತ್ತರದ ಸ್ವರ ಮತ್ತೆ ಬರುತ್ತೆ ಅಂತ ನಾನು ಹೇಳಲಾರೆ. ದಿನಕ್ಕೆ ಸ್ವಲ್ಪ ಸ್ವಲ್ಪ ಮಾತಾಡಿ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಸಾಮಾನ್ಯವಾಗಿ ಹಿಡಿಯುವವಳಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಸತ್ತವರಿಗೆ ಅಳುತ್ತಾರಲ್ಲ, ಹಾಗೆಯೇ.

ಏಪ್ರಿಲ್ 3, ಗುರುವಾರ

ಸ್ಟುಡಿಯೋ. ಗಾಜಿನ ಆಚೆ ಇದ್ದವರು ಬಹಳ ಮರ್ಯಾದೆಯಿಂದ ನಡೆದುಕೊಂಡರು, ಅದೇ ಚುಚ್ಚಿತು. ಒಂದು ವಾಕ್ಯ ಹೇಳಿಸಿದರು. ಇನ್ನೊಮ್ಮೆ ಎಂದರು. ಆಮೇಲೆ ಗಾಜಿನಾಚೆ ತಲೆಗಳು ಹತ್ತಿರ ಬಂದವು. "ತಾವು ಆರಾಮ ಮಾಡಿ ಸರ್, ನಾವು ಏನಾದ್ರೂ ವ್ಯವಸ್ಥೆ ಮಾಡ್ತೀವಿ" ಎಂದರು. ವ್ಯವಸ್ಥೆ ಆಗಲೇ ಆಗಿತ್ತು. ದನಿ ಅನುಕರಿಸುವವನೊಬ್ಬ ಇದ್ದಾನಂತೆ. ನಾನೇ ಹಟ ಮಾಡಿ ಅವನ ಮಾದರಿ ಕೇಳಿಸಿಕೊಂಡೆ. ನಾನೇ. ನನ್ನ ಎತ್ತರ, ನನ್ನ ಉಸಿರು, ನಾನು ಪದದ ಕೊನೆಯನ್ನು ಎಳೆಯುವ ರೀತಿ. ನನಗಿಂತ ಅವನೇ ಹೆಚ್ಚು ನಾನು.

ಚೆನ್ನಾಗಿದೆ, ಅವನನ್ನೇ ಹಾಕಿಕೊಳ್ಳಿ ಎಂದು ಹೇಳಿ ಬಂದೆ. ಆ ಮಾತು ಹೇಗೆ ಬಾಯಿಂದ ಹೊರಟಿತೋ.

ಏಪ್ರಿಲ್ 5, ಶನಿವಾರ

ಮಾತಾಡಬಾರದೆಂದು ನಿಶ್ಚಯಿಸಿದ್ದೆ. ಮೊನ್ನೆಯ ವಿಷಯ ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಇನ್ನೂ ಮೌನ ಮುಂದುವರಿದಿದೆ ಎಂದು ಹೇಳಿಸಿ, ಹಲಗೆ ಹಿಡಿದು ಕೂತೆ. ಒಂದು, ಈ ದನಿಯನ್ನು ಅವರು ಕೇಳುವುದು ಬೇಡ. ಇನ್ನೊಂದು, ನಾನು ಬರೆಯದಿದ್ದರೆ ರೀಲಿಗೆ ತೋರಿಸುವವರು ಯಾರು? ನನ್ನ ಬಾಯಿಯೇನೋ ಮೊದಲಿನಷ್ಟೇ ಅಗಲ ತೆರೆಯಬಲ್ಲದು, ಆದರೆ ಹಲಗೆಯಷ್ಟು ಖಚಿತವಲ್ಲ. ಇರಲಿ, ಬರವಣಿಗೆ ಈಗ ಕೈಗೆ ಹತ್ತಿದೆ.

ಇವತ್ತು ಬಣ್ಣದಕ್ಕನ ಸರದಿ. ನಮ್ಮ ತಂಡದ ರಾಜನ ನಾಟಕವನ್ನೇ ಎತ್ತಿಕೊಂಡಳು. ದೀಪಗಳು, ಬಾಡಿಗೆ ಕಿರೀಟ, ಪರದೆ ಎಳೆಯುವವನು ನಿದ್ದೆ ಹೋದದ್ದು, ಎಲ್ಲ ಹೇಳಿದಳು. ಆ ಹಳೆಯ ರಂಗದ ಧೂಳಿನ ವಾಸನೆ ಮೂಗಿಗೆ ಬಂದಂತಾಯಿತು. ಕಿಟಕಿ ಗಾಳಿಗೆ ಬಡಿಯುತ್ತಿತ್ತು. ರೀಲು ಎದ್ದು ಹೋಗಿ ನಮಗೆ ಬೆನ್ನು ಹಾಕಿ ಅದರ ಚಿಲಕ ಸರಿಮಾಡತೊಡಗಿದ. ಅಷ್ಟರಲ್ಲಿ ಬಣ್ಣದಕ್ಕ, "ಮೂರನೇ ಅಂಕದಲ್ಲಿ ಮಹಾರಾಜರ ಗಡ್ಡ ಬಿದ್ದು ಕಾಲ ಹತ್ತಿರ ನಾಯಿಮರಿ ಹಾಗೆ ಕೂತಿತ್ತಲ್ಲ" ಎಂದಳು.

ಮನುಷ್ಯ ಎಷ್ಟೆಂದು ಸಹಿಸಬಹುದು? ಹಲಗೆ ಮರೆತೆ, ನಿಶ್ಚಯ ಮರೆತೆ. "ಬಿದ್ದದ್ದು ನನ್ನ ಗಡ್ಡ ಅಲ್ಲ, ಮಂತ್ರೀದು" ಎಂದುಬಿಟ್ಟೆ.

ಆ ಒರಟು ದನಿ ಹಾಲಿನಲ್ಲಿ ಉರುಳಿತು. ಬಣ್ಣದಕ್ಕನ ಕೈ ಬಾಯಿಗೆ ಹೋಯಿತು. ಸಂಭಾಷಣೆ ನೆಲ ನೋಡಿದ. ಇಬ್ಬರಿಗೂ ಅರ್ಥವಾಯಿತು, ನನ್ನ ಹಳೆಯ ದನಿ ಹೋಯಿತೆಂದು. ಅಲ್ಲೇ ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು.

"ಸುಳ್ಳು. ನಿನ್ನದೇ ಬಿದ್ದಿದ್ದು" ಎಂದ ರೀಲು, ಚಿಲಕದಿಂದ ಕಣ್ಣೆತ್ತದೆ.

ಆಮೇಲೆ ಅವನ ಕೈ ಚಿಲಕದ ಮೇಲೆ ನಿಂತುಹೋಯಿತು. ನಿಧಾನವಾಗಿ ತಿರುಗಿದ. "ಈಗ ಯಾರು ಮಾತಾಡಿದ್ದು?"

ನಾನು ಕೈ ಎತ್ತಿದೆ, ಶಾಲೆಯ ಹುಡುಗನಂತೆ.

"ನೀನಾ? ಇನ್ನೊಂದ್ಸಲ ಹೇಳು."

"ಮಂತ್ರೀದು" ಎಂದೆ.

ಅವನು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕುಸಿದು ಕೂತ. "ಕೇಳ್ತು" ಎಂದ. ಉಳಿದವರ ಕಡೆ ತಿರುಗಿ, ಯಾರೂ ಕೇಳದೆಯೇ ಹೇಳಿದ. "ನನಗೆ ಕಿವಿ ಹೋಗಿ ಎರಡು ವರ್ಷದ ಮೇಲಾಯ್ತು. ಸಣ್ಣ ಸ್ವರ, ಎತ್ತರದ ಸ್ವರ ಮೊದಲು ಹೋದ್ವು. ಎಲ್ಲರಿಗಿಂತ ಮೊದಲು ಹೋಗಿದ್ದು ಇವನ ದನಿ. ಇಷ್ಟು ದಿನ ಇವನ ಬಾಯಿ ಅಲ್ಲಾಡೋದು ನೋಡ್ತಿದ್ದೆ, ಅಷ್ಟೇ. ಈಗ ಬೆನ್ನ ಹಿಂದಿನಿಂದ ಮಾತು ಬಂತು. ಪೂರ್ತಿ ಬಂತು."

ಬಣ್ಣದಕ್ಕ ಮೂಗು ಒರೆಸಿಕೊಂಡು, "ಇವನ ಜೋಕಿಗೆಲ್ಲ ಸರಿಯಾಗಿ ನಗ್ತಿದ್ಯಲ್ಲೋ" ಎಂದಳು. ಹಳೆಯ ಅಭ್ಯಾಸದಂತೆ ಅದನ್ನೇ ನಾನು ಮತ್ತೆ ಹೇಳಿದೆ.

"ನಲವತ್ತು ವರ್ಷದಿಂದ ಅವೇ ಜೋಕು. ಎಲ್ಲಿ ನಗಬೇಕು ಅಂತ ಗೊತ್ತಿಲ್ವಾ?" ಎಂದ.

ಸ್ಟುಡಿಯೋದವರು ಬೇಡವೆಂದ ದನಿಯನ್ನು ಇವನು ಎದುರಿಗೆ ಕೂತು ಬೇಡುತ್ತಿದ್ದ. "ಏನಾದ್ರೂ ಹೇಳು" ಎಂದ. "ನನಗೆ ಗೊತ್ತಿಲ್ಲದ್ದು ಹೇಳು. ಹಳೇ ಜೋಕು ಬೇಡ." ಹೇಳಿ ತನ್ನ ಕುರ್ಚಿಯನ್ನು ಎತ್ತಿ ಅತ್ತ ತಿರುಗಿಸಿಕೊಂಡ. ಕಿಟಕಿಗೆ ಮುಖ, ನಮಗೆ ಬೆನ್ನು.

ಸ್ಟುಡಿಯೋದಲ್ಲಿ ನಡೆದದ್ದನ್ನು ಹೇಳಿದೆ. ಗಾಜಿನಾಚೆಯ ತಲೆಗಳು, ಅವರ ಮರ್ಯಾದೆ, ಅನುಕರಣೆಯವನ ಮಾದರಿ ಕೇಳಿ ನನಗೇ ನನ್ನ ಮೇಲೆ ಹೊಟ್ಟೆಕಿಚ್ಚಾದದ್ದು. ಯಾರಿಗೂ ಹೇಳಬಾರದೆಂದುಕೊಂಡಿದ್ದನ್ನೇ ಹೇಳಿದೆ. ಹೇಳುತ್ತಾ ಹೋದ ಹಾಗೆ ಅದು ಯಾಕೋ ತಮಾಷೆಯ ಕಥೆಯಾಗುತ್ತಾ ಬಂತು. "ಆಮೇಲೆ ಅವರು ಹೇಳ್ತಾರೆ, ಅವನೂ ನಿಮ್ಮ ಹಾಗೇ ಕಾಲುಚೀಲ ಕಳ್ಕೊಳ್ತಾನೆ ಸರ್ ಅಂತ" ಎಂದು ನನ್ನದೂ ಒಂದು ಮಾತು ಸೇರಿಸಿದೆ.

ನಗು ಬಂತು. ಎಲ್ಲರಿಗಿಂತ ಮೊದಲು ನಕ್ಕವನು ರೀಲು.